ಸಾಯಲೊಲ್ಲದ ಲ್ಯಾಪ್‌ಟಾಪ್

ಹಳೆಯ ಲ್ಯಾಪ್‌ಟಾಪ್ ಮಾರುವವರು ಕೆಟ್ಟದ್ದನ್ನು ಚೆನ್ನಾಗಿದೆ ಎಂದು ತೋರಿಸುತ್ತಾರೆ. ನಾನು ಚೆನ್ನಾಗಿದ್ದುದನ್ನು ಕೆಟ್ಟಿದೆ ಎಂದು ತೋರಿಸಲು ಹೊರಟೆ. ಇದು ಸುಲಭದ ಕೆಲಸ ಎಂದೇ ನಂಬಿದ್ದೆ. ಯಾಕೆಂದರೆ ಹೊನ್ನಾವರದ ಪಕ್ಕದ ಕಾಸರಕೋಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಬೋಟಿನ ಇಂಜಿನ್ ರಿಪೇರಿ ಮಾಡುವವನು ನಾನು. ಓದಿದ್ದು ಆರನೇ ಇಯತ್ತೆ. ಆದರೂ ನನ್ನ ಕೈಗೆ ಬಂದ ಮೇಲೆ ಎಷ್ಟೋ ಒಳ್ಳೊಳ್ಳೆಯ ಇಂಜಿನ್‌ಗಳು ಕೆಟ್ಟಿವೆ. ಅನುಭವ ಇತ್ತು!

ಲ್ಯಾಪ್‌ಟಾಪ್ ನನ್ನದಲ್ಲ, ತಂಗಿ ಶಾರದೆಯದು. ಮೂರು ವರ್ಷದ ಹಿಂದೆ ಅವಳನ್ನು ಕುಮಟೆಯ ಹತ್ತಿರದ ಬಾಡ ಎಂಬ ಊರಿಗೆ ಮದುವೆ ಮಾಡಿ ಕೊಟ್ಟೆವು. 'ಕೊಟ್ಟೆವು' ಅಂದರೆ ನಾನೊಬ್ಬನೇ. ಮನೆಯಲ್ಲಿ ಇದ್ದದ್ದೇ ನಾವಿಬ್ಬರು. ಹೊರಡುವ ದಿನ ಅವಳು, "ಇದು ಸದ್ಯ ಇಲ್ಲೇ ಇರ್ಲಿ ಅಣ್ಣಾ. ಉಪ್ಪುಗಾಳಿ ತಾಗ್ದಂಗೆ ನೋಡ್ಕ" ಎಂದು ಲ್ಯಾಪ್‌ಟಾಪನ್ನು ತನ್ನ ಹಳೆಯ ಶಾಲಿನಲ್ಲಿ ಸುತ್ತಿ ಕೊಟ್ಟಳು. ಅದರ ಹಿಂದಿನ ವಾರವಷ್ಟೇ ನನಗೆ ಅದರಲ್ಲಿ ಇಸ್ಪೀಟು ಆಡುವುದನ್ನು ಕಲಿಸಿದ್ದಳು. ಒಬ್ಬನೇ ಕೂತು ಆಡುವ ಇಸ್ಪೀಟು, ಎದುರಿಗೆ ಜನ ಬೇಡ. ಇಂಥ ಆಟವನ್ನು ಯಾವ ಗ್ರಹಚಾರದವನು ಆಡುತ್ತಾನೆ ಎಂದು ಆಗ ನಕ್ಕಿದ್ದೆ.

ಅವಳು ಹೋದ ಮೇಲೆ ಸಂಜೆ ಏಳಾದರೆ ಸಾಕು, ಮನೆ ದೊಡ್ಡದಾಗತೊಡಗಿತು. ಎರಡೇ ಕೋಣೆಯ ಮನೆ! ಅನ್ನದ ಪಾತ್ರೆಯ ಮುಚ್ಚಳ ಕುಣಿದರೂ ಯಾರೋ ಬಂದರು ಎಂದು ಬಾಗಿಲಿಗೆ ಹೋಗುತ್ತಿದ್ದೆ. ಒಂದು ಸಂಜೆ ಲ್ಯಾಪ್‌ಟಾಪ್ ತೆರೆದೆ. ಅದು 'ಟಣ್' ಎಂದಿತು. ಆ ಮನೆಯಲ್ಲಿ ನನ್ನನ್ನು ಕಂಡು ಏನೋ ಒಂದು ಸದ್ದು ಮಾಡಿ ತಿಂಗಳುಗಳೇ ಆಗಿದ್ದವು. ಅಂದಿನಿಂದ ಅದೇ ನಿತ್ಯಪೂಜೆ: ಏಳಕ್ಕೆ ಟಣ್, ಪಕ್ಕದಲ್ಲಿ ಊಟದ ಬಟ್ಟಲು, ಎದುರಿಗೆ ಇಸ್ಪೀಟು.

ಒಂದೂವರೆ ವರ್ಷದ ಹಿಂದೆ ಶಾರದೆಯ ಫೋನ್ ಬಂತು.

"ಅಣ್ಣಾ, ಕುಮಟೆಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರ್ಕಂಡೆ. ಟೈಪಿಂಗ್ ಪರೀಕ್ಷೆ ಅದೆ. ನನ್ನ ಲ್ಯಾಪ್‌ಟಾಪ್ ಬಸ್ಸಿಗೆ ಕೊಟ್ಟು ಕಳಸ್ತ್ಯಾ?"

ಆಗ ಏಳು ಗಂಟೆ ಹತ್ತು ನಿಮಿಷ. ನನ್ನ ಬೆರಳು ಇಸ್ಪೀಟಿನ ರಾಜನ ಮೇಲಿತ್ತು. ಬಾಯಿ ನನ್ನನ್ನು ಕೇಳದೆ ಹೇಳಿಬಿಟ್ಟಿತು: "ಅದು ಸತ್ತೋತು ತಂಗಿ."

"ಅಯ್ಯೋ! ಯಾವಾಗ?"

"ಮಳೆಗಾಲದಲ್ಲಿ."

"ಹೋಗ್ಲಿ ಬಿಡು, ನೀ ಎಂತ ಮಾಡೂಕೆ ಆತದೆ" ಎಂದು ನನಗೇ ಸಮಾಧಾನ ಹೇಳಿದಳು. ಪಾಪದವಳು ಅಂಗೈ ಅಗಲದ ಮೊಬೈಲಿನ ಮೇಲೆ ಟೈಪಿಂಗ್ ಕಲಿತಳು. ಪರೀಕ್ಷೆಯಲ್ಲಿ ಫೇಲಾದಳು. "ನನ್ನ ಬೆರಳೇ ದಪ್ಪ ಅಣ್ಣಾ" ಎಂದು ಫೋನಿನಲ್ಲಿ ನಕ್ಕಳು. ನಾನೂ ನಕ್ಕೆ. ನೀವು ನಗಬೇಡಿ.

ಎರಡನೇ ಸಲ ಪಾಸಾದಳು, ಕುಮಟೆಯ ಒಂದು ಆಫೀಸಿನಲ್ಲಿ ಕೆಲಸವೂ ಸಿಕ್ಕಿತು. ಕತೆ ಸುಖವಾಗಿ ಮುಗಿಯಿತು ಎಂದುಕೊಂಡಿದ್ದೆ. ಕಳೆದ ತಿಂಗಳು ಮತ್ತೆ ಫೋನ್.

"ಅಣ್ಣಾ, ಆ ಸತ್ತ ಲ್ಯಾಪ್‌ಟಾಪ್ ಎಂತಕ್ಕೆ ಇಟ್ಕಂಡು ಕೂತಿದ್ದಿ? ಭಟ್ಕಳದ ಸಲೀಂ ಭಾಯ್ ಸತ್ತದ್ದನ್ನೂ ಬಿಡಿಭಾಗಕ್ಕೆ ತಗಂತ್ರಂತೆ. ಕಂಡೀಷನ್ ನೋಡೂಕೆ ಶನಿವಾರ ಸಂಜೆ ಕರ್ಕಂಡು ಬತ್ತೆ. ಆತಾ?"

"ಆತು" ಎಂದೆ. ಹೀಗಾಗಿ ಶನಿವಾರ ಸಂಜೆಯೊಳಗೆ ಸದರಿ ಲ್ಯಾಪ್‌ಟಾಪ್ ಸಾಯುವುದು ಕಡ್ಡಾಯವಾಯಿತು.

ನಮ್ಮ ಊರಿನ ಗಾಳಿಗೆ ಕಬ್ಬಿಣದ ಗೇಟು ನಾಲ್ಕು ಮಳೆಗಾಲ ಕಂಡರೆ ಹೆಚ್ಚು. ಈ ಲ್ಯಾಪ್‌ಟಾಪಿಗೆ ಮಾತ್ರ ಒಂದು ನೆಗಡಿಯೂ ಆಗಿರಲಿಲ್ಲ. ಆಗುವುದಾದರೂ ಹೇಗೆ? ದಿನಾ ಒರೆಸಿ, ಶಾಲಿನಲ್ಲಿ ಸುತ್ತಿ, ಅಕ್ಕಿ ಡಬ್ಬದೊಳಗೆ ಮಲಗಿಸುತ್ತಿದ್ದವನು ನಾನೇ!

ಶುಕ್ರವಾರ ಕಾರ್ಯಾಚರಣೆ ಶುರುವಾಯಿತು. ಬೋಟಿನ ಡೀಸೆಲ್ ಇಂಜಿನ್ನಿಗೆ ಒಮ್ಮೊಮ್ಮೆ ಹುಚ್ಚು ಹಿಡಿಯುತ್ತದೆ, ಡೀಸೆಲ್ ಬಂದ್ ಮಾಡಿದರೂ ನಿಲ್ಲುವುದಿಲ್ಲ. ಆಗ ಅದು ಗಾಳಿ ಎಳೆಯುವ ಬಾಯಿಗೆ ಒದ್ದೆ ಗೋಣಿ ತುರುಕಬೇಕು. ಉಸಿರು ಕಟ್ಟಿ ನಿಲ್ಲುತ್ತದೆ. ಲ್ಯಾಪ್‌ಟಾಪಿನ ಬದಿಯಲ್ಲೂ ಅಂಥದೇ ಒಂದು ಬಾಯಿ ಇತ್ತು. ಬಂದರಿನಿಂದ ತಂದ ಗೋಣಿಯನ್ನು ನೆನೆಸಿ ಒತ್ತಿ ಹಿಡಿದೆ. ಒಳಗಿನ ಫ್ಯಾನು 'ಉಂಯ್' ಎಂದು ಅಳತೊಡಗಿತು. ಮೈ ಬಿಸಿಯಾಯಿತು. ಮುಟ್ಟಿ ನೋಡಿದೆ, ಶಾರದೆಗೆ ಚಿಕ್ಕಂದಿನಲ್ಲಿ ಜ್ವರ ಬಂದಾಗ ಹಣೆ ಹೀಗೇ ಸುಡುತ್ತಿತ್ತು.

ಮುಂದೆ ನೆನಪಿರುವುದು ಇಷ್ಟೇ: ನಾನು ಗೋಣಿ ಬಿಸಾಡಿ, ಹಳೆಯ ಪೇಪರು ಹಿಡಿದು, ಅದಕ್ಕೆ ಅರ್ಧ ಗಂಟೆ ಗಾಳಿ ಬೀಸುತ್ತಿದ್ದೆ. ಕೊಲೆಗೆ ಹೋದವನು ಬಾಣಂತನ ಮಾಡಿ ಬಂದೆ!

ಶನಿವಾರ ಬೇರೆ ಉಪಾಯ. ಚಾರ್ಜರಿನ ವಯರ್ ಕಿತ್ತು, ಬ್ಯಾಟರಿ ಮುಗಿಯುವವರೆಗೆ ಇಸ್ಪೀಟು ಆಡಿದೆ. ಆಟದ ನಡುವೆ ಪರದೆ ಕಪ್ಪಾಯಿತು. ಇನ್ನು ವಯರ್ ಸಿಗದಿದ್ದರೆ ಯಾವ ಸಲೀಂ ಭಾಯ್ ಬಂದರೂ ಎಬ್ಬಿಸಲಾರ. ವಯರನ್ನು ಸುರುಳಿ ಸುತ್ತಿ ಪಕ್ಕದ ಮನೆಯ ಫಿಲೋಮಿನಾ ಬಾಯಿಯ ಕೈಗೆ ಕೊಟ್ಟೆ.

"ಇದನ್ನ ಇವತ್ತೊಂದಿನ ನಿಮ್ಮಲ್ಲಿ ಇಟ್ಕಳಿ ಬಾಯಿ."

"ಎಂತಕ್ಕೆ?"

"ಸುಮ್ನೆ."

'ಸುಮ್ನೆ' ಎಂಬ ಉತ್ತರವನ್ನು ಫಿಲೋಮಿನಾ ಬಾಯಿಯ ವಂಶದಲ್ಲೇ ಯಾರೂ ಒಪ್ಪಿದ್ದಿಲ್ಲ. ಆದರೂ ಇಟ್ಟುಕೊಂಡರು.

ಸಂಜೆ ಆರೂವರೆಗೆ ಶಾರದೆ ಬಂದಳು, ಹಿಂದೆ ಸಲೀಂ ಭಾಯ್. ಮೆಲುಮಾತಿನ, ಕನ್ನಡಕದ ಮನುಷ್ಯ. ತಮ್ಮ ಚೀಲದಲ್ಲಿದ್ದ ಚಾರ್ಜರನ್ನು ಚುಚ್ಚಿ ನೋಡಿದರು. ಪಿನ್ನು ಸೇರಲಿಲ್ಲ. ನಾನು ಮನಸ್ಸಿನಲ್ಲೇ ತೆಂಗಿನಕಾಯಿ ಒಡೆದೆ.

"ಯಾವಾಗ ಸತ್ತದ್ದು ಅಣ್ಣಾ?" ಎಂದರು ಭಾಯ್.

"ಎರಡು ವರ್ಷ ಆತಾ ಬಂತು" ಎಂದೆ, ಹೆಣದ ಮನೆಯ ಯಜಮಾನನಂತೆ ಮುಖ ಮಾಡಿ.

ಅವರು ಅದನ್ನು ಬೆಳಕಿಗೆ ಹಿಡಿದರು. ಮೂಸಿದರು. ಗಾಳಿಯ ಬಾಯಿಯಿಂದ ಚಿಮಟದಲ್ಲಿ ಏನನ್ನೋ ಎಳೆದರು. ಗೋಣಿಯ ಒಂದು ನಾರು, ಅದಕ್ಕೆ ಅಂಟಿದ ಮೀನಿನ ಒಂದು ಹುರುಪೆ.

"ಸತ್ತದ್ದು ಎರಡು ವರ್ಷ. ಒದ್ದೆ ನಿನ್ನೆದು" ಎಂದರು ತಣ್ಣಗೆ. "ಧೂಳು ಒಂದು ಚೂರೂ ಇಲ್ಲ. ಇಲ್ಲಿ ನೋಡಿ, ಬೆರಳು ಆಡಿಸುವ ಜಾಗ ಸವೆದು ಕನ್ನಡಿ ಆಗಿದೆ. ಸತ್ತವರು ಇಷ್ಟು ಓಡಾಡೋದಿಲ್ಲ ಅಣ್ಣಾ."

ಶಾರದೆ ನನ್ನ ಮುಖ ನೋಡಿದಳು. ನಾನು ಮಾಡಿನ ಹಂಚು ಎಣಿಸಿದೆ.

ಅಷ್ಟರಲ್ಲಿ ಬೇಲಿಯ ಆಚೆಯಿಂದ ದನಿ ಬಂತು. ದನಿಯ ಹಿಂದೆ ಫಿಲೋಮಿನಾ ಬಾಯಿ, ಅವರ ಕೈಯಲ್ಲಿ ವಯರ್!

"ಮಂಜಣ್ಣಾ, ತಗೋ ಮಾರಾಯ. ಏಳಾಯ್ತಲ್ಲ, ನಿನ್ನ ಆಟದ ಹೊತ್ತು. ದಿನಾ ಕೇಳೋ 'ಟಣ್' ಇವತ್ತು ಕೇಳ್ಲಿಲ್ಲ, ನನಗೆ ಹೆದರಿಕೆ ಆಯ್ತು, ಏನಾಯ್ತಪ್ಪಾ ಇವನಿಗೆ ಅಂತ. ಓ, ಶಾರದಾ! ಯಾವಾಗ ಬಂದಿ?"

ಸಲೀಂ ಭಾಯ್ ವಯರನ್ನು ಗೋಡೆಗೆ ಚುಚ್ಚಿದರು. ಗುಂಡಿ ಒತ್ತಿದರು.

ಟಣ್!

ಇಷ್ಟು ದಿನ ನನ್ನ ಜೊತೆಗಿದ್ದ ಸದ್ದು ನನ್ನ ವಿರುದ್ಧವೇ ಸಾಕ್ಷಿ ಹೇಳಿತು. ಬೆಳಿಗ್ಗೆ ಅರ್ಧಕ್ಕೆ ನಿಂತಿದ್ದ ಆಟ ಹಾಗೆಯೇ ಎದ್ದು ಕೂತಿತು.

ಶಾರದೆ ಬಗ್ಗಿ ನೋಡಿದಳು. "ಕರೀ ಎಂಟು ಇಲ್ಲೇ ಬಿದ್ಕಂಡದೆ. ಕಾಣ್ಲಿಲ್ಲನಾ ಅಣ್ಣಾ?" ಎಂದು ಎಲೆಯೊಂದನ್ನು ಸರಿಸಿದಳು. ಆಮೇಲೆ ತಲೆ ಎತ್ತದೆ ಕೇಳಿದಳು: "ನಾ ಫೇಲಾದಾಗೂ ಇದು ಬದ್ಕಿತ್ತಾ?"

"ಹೂಂ."

ಸಲೀಂ ಭಾಯ್‌ಗೆ ಇದ್ದಕ್ಕಿದ್ದಂತೆ ನಮ್ಮ ಅಂಗಳದ ತೆಂಗಿನ ಮರ ನೋಡಬೇಕೆನ್ನಿಸಿತು. ಫಿಲೋಮಿನಾ ಬಾಯಿಯನ್ನೂ ಕರೆದುಕೊಂಡು ಹೊರಗೆ ಹೋದರು.

ಶಾರದೆ ಬೈದಿದ್ದರೆ ನನ್ನಲ್ಲಿ ಉತ್ತರ ತಯಾರಿತ್ತು. ಬೈಯಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಶಾಲಿನಲ್ಲಿ ಸುತ್ತಿದಳು. ಶಾಲಿನಿಂದ ನಾಲ್ಕು ಅಕ್ಕಿಕಾಳು ಉದುರಿದವು. ಅವನ್ನು ಆರಿಸಿ ನನ್ನ ಅಂಗೈಗೆ ಹಾಕಿದಳು.

"ಸತ್ತದ್ದನ್ನ ಮನೆಯಲ್ಲಿ ಇಟ್ಕಂಬಾರ್ದು ಅಣ್ಣಾ. ನಾನೇ ತಗಂಡು ಹೋತೆ."

ಗೇಟಿನ ಹತ್ತಿರ ತಿರುಗಿ ನಿಂತಳು. "ಮೂರು ವರ್ಷದಿಂದ ಕರೆದೆ. ಬೋಟಿನ ಕೆಲಸ, ಬೋಟಿನ ಕೆಲಸ ಅಂದಿ. ನಮ್ಮನೆ ಬಾಗ್ಲು ಯಾವ ಬಣ್ಣ, ಗೊತ್ತಿತ್ತಾ ನಿಂಗೆ?"

ಗೊತ್ತಿರಲಿಲ್ಲ.

ಅವರು ಹೋದ ಮೇಲೆ ನೋಡಿದರೆ ವಯರ್ ಗೋಡೆಯಲ್ಲೇ ನೇತಾಡುತ್ತಿತ್ತು. ಮರುದಿನ ಫೋನ್ ಬಂತು. "ವಯರ್ ಅಲ್ಲೇ ಉಳೀತು. ಬಸ್ಸಿಗೆ ಕೊಟ್ಟು ಕಳ್ಸಬೇಡ. ನೀನೇ ತಗಂಡು ಬಾ." ಅಷ್ಟೇ. ಇಟ್ಟುಬಿಟ್ಟಳು.

ಮೊನ್ನೆ ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿ, ಒಂದು ಕೈಯಲ್ಲಿ ವಯರ್, ಇನ್ನೊಂದು ಕೈಯಲ್ಲಿ ಅವಳಿಗೆ ಇಷ್ಟದ ಒಣ ಸಿಗಡಿಯ ಕಟ್ಟು ಹಿಡಿದು ಹೊನ್ನಾವರದ ಬಸ್ ಸ್ಟ್ಯಾಂಡಿಗೆ ಹೋದೆ. ಮೊದಲ ಬಸ್ಸು ತುಂಬಿತ್ತು, ಬಿಟ್ಟೆ. ಎರಡನೆಯದು ಖಾಲಿ ಇತ್ತು. ಅಷ್ಟು ಖಾಲಿ ಯಾಕೆ ಎಂದು ಅನುಮಾನವಾಗಿ ಬಿಟ್ಟೆ. ಮೂರನೆಯದರ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ ಕೂಗಿದ: "ಕುಮ್ಟಾ, ಕುಮ್ಟಾ! ಎಂತದೋ, ಹತ್ತೂದಾ, ಅಲ್ಲಾ ಬಸ್ಸಿನ ಕಂಡೀಷನ್ ನೋಡೂಕೆ ಬಂದದ್ದಾ?"

"ಸುಮ್ನೆ ಗಾಳಿಗೆ ನಿಂತದ್ದು" ಎಂದೆ.

ಬಾಡದಲ್ಲಿ ಬಾಗಿಲು ತೆರೆದು ಶಾರದೆ 'ಯಾಕೆ ಹೀಗೆ ಮಾಡಿದಿ' ಎಂದು ಕೇಳಿದರೆ 'ಸಂಜೆ ಏಳಕ್ಕೆ ಯಾರೂ ಇರುತ್ತಿರಲಿಲ್ಲ' ಎನ್ನಬೇಕು. ಅಷ್ಟು ದೊಡ್ಡ ವಾಕ್ಯವನ್ನು ನಾನು ಯಾವತ್ತೂ ಯಾರ ಎದುರಿಗೂ ಹೇಳಿದವನಲ್ಲ. ಆ ಬಸ್ಸನ್ನೂ ಬಿಟ್ಟು ಮನೆಗೆ ಬಂದೆ. ಏಳಕ್ಕೆ ಸಿಗಡಿ ಹುರಿದು ನಾನೇ ತಿಂದೆ. ಅಭ್ಯಾಸಬಲದಿಂದ ವಯರನ್ನು ಗೋಡೆಗೆ ಚುಚ್ಚಿದೆ. ಅದರ ತುದಿಯ ಚಿಕ್ಕ ದೀಪ ಹಸಿರಾಗಿ ಹೊತ್ತಿಕೊಂಡಿತು.

ಸದರಿ ವಯರಿನ ಕಂಡೀಷನ್ ಬಹಳ ಚೆನ್ನಾಗಿದೆ. ಮೆಕ್ಯಾನಿಕ್ಕೇ ಸ್ಟಾರ್ಟ್ ಆಗುತ್ತಿಲ್ಲ!