ಒಲೆ ಹಚ್ಚದ ಔತಣ

ಒಲೆ ಹಚ್ಚದ ಅಡುಗೆಯನ್ನು ಯಾರು ಬೇಕಾದರೂ ಮಾಡಬಹುದು ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಸೀಯುವುದಿಲ್ಲ, ಉಕ್ಕುವುದಿಲ್ಲ, ತಳ ಹಿಡಿಯುವುದಿಲ್ಲ. ಹೆಚ್ಚಬೇಕು, ಹಿಂಡಬೇಕು, ಕಲಸಬೇಕು. ಅಷ್ಟೇ! ಕೂದಲೆಳೆಯಂಥ ಚಿನ್ನದ ತಂತಿ ಎಳೆಯುವ ಅಕ್ಕಸಾಲಿಗೆ ಸೌತೆಕಾಯಿ ಹೆಚ್ಚುವುದು ಯಾವ ಮಹಾ ಕೆಲಸ?

ಈ ನಂಬಿಕೆ ನನ್ನ ತಲೆಗೆ ಹೊಕ್ಕಿದ್ದು, ಮಗಳು ಗಿರಿಜೆಯನ್ನು ನೋಡಲು ನಾಗಮಂಗಲದಿಂದ ಜನ ಬರುತ್ತಾರೆಂದು ಗೊತ್ತಾದ ದಿನ. ನಾವಿದ್ದದ್ದು ಶ್ರೀರಂಗಪಟ್ಟಣದ ಕೋಟೆಯಾಚೆ, ಗಂಜಾಂ ಪೇಟೆಯಲ್ಲಿ. ಹುಡುಗನ ಮನೆಯವರು ಕಂಚು ಎರಕ ಹೊಯ್ಯುವವರು. ಹುಡುಗನನ್ನು ಗಿರಿಜೆ ನೆಂಟರ ಮದುವೆಯೊಂದರಲ್ಲಿ ನೋಡಿದ್ದಳು. "ಎಂಗವ್ನೆ?" ಎಂದು ಅವಳಮ್ಮ ಕೇಳಿದ್ದಕ್ಕೆ "ನಂಗೇನ್ ಗೊತ್ತು!" ಎಂದು ರೇಗಿದವಳು, ಆಮೇಲೆ ದಿನವೆಲ್ಲ ಹಾಡು ಗುನುಗುತ್ತಿದ್ದಳು. ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೆ?

ಹಿಂದೆ ಬಂದಿದ್ದ ಸಂಬಂಧಗಳು ತಪ್ಪಿದ್ದು ನನ್ನಿಂದಲೇ ಎಂದು ನನ್ನ ಹೆಂಡತಿ ಕಾಳಮ್ಮನ ತೀರ್ಮಾನ. ನನಗೆ ಚಿಂತೆ ಸ್ವಲ್ಪ ಜಾಸ್ತಿ. ಹಿರೋಡೆಯಿಂದ ಬಂದವರನ್ನು, ಮುಂದೆ ತೊಂದರೆಯಾಗದಿರಲಿ ಎಂದು, "ನಿಮ್ಮ ವಂಶದಾಗೆ ಯಾರಿಗಾರ ಉಚ್ಚು ಇಡಿದಿತ್ತಾ?" ಎಂದು ವಿನಯದಿಂದಲೇ ಕೇಳಿದ್ದೆ. ಅವರು ಕೈಗೆತ್ತಿಕೊಂಡ ಪಾನಕವನ್ನು ಕೆಳಗಿಟ್ಟು ಎದ್ದು ಹೋದರು.

"ಈ ಸಂಬಂಧ ಏನಾರ ನಿಮ್ಮಿಂದ ತಪ್ತೋ, ಮಗಳ ಮೊಕ ನೀವೇ ನೋಡ್ಕಂಡು ಕುಂತ್ಕಳಿ. ನಾ ತೌರಿಗೆ ಓಯ್ತೀನಿ" ಎಂದು ಕಾಳಮ್ಮ ಮೊದಲೇ ಹೇಳಿಟ್ಟಿದ್ದಳು.

ನಮ್ಮವರಲ್ಲಿ ಒಂದು ಪದ್ಧತಿ. ಹೆಣ್ಣು ನೋಡಲು ಬಂದವರು, ಮಾತು ಕೂಡುವವರೆಗೆ ಆ ಮನೆಯ ಒಲೆಯ ಮೇಲೆ ಬೆಂದದ್ದನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಒಪ್ಪಿದಂತೆ! ಆದ್ದರಿಂದ ಪಾನಕ, ಕೋಸಂಬರಿ, ಹಣ್ಣು. ಇಷ್ಟರಲ್ಲೇ ಮರ್ಯಾದೆ ಮುಗಿಯಬೇಕು.

ಇಲ್ಲಿಗೆ ನನ್ನ ಚಿಂತೆ ಶುರುವಾಯಿತು. ಕಾಳಮ್ಮ ಕೈ ಅಭ್ಯಾಸಕ್ಕೆ ಕೋಸಂಬರಿಗೆ ಒಗ್ಗರಣೆ ಸಿಡಿಸಿಬಿಟ್ಟರೆ? ಸಾಸಿವೆ ಬೆಂದದ್ದಲ್ಲವೆ? ಅವರು ಅದೇ ನೆಪ ಮಾಡಿ ಎದ್ದುಹೋದರೆ?

"ಈ ಸಲ ಎಲ್ಲ ನಾನೇ ಮಾಡ್ತೀನಿ. ನೀವಿಬ್ರೂ ಅಡುಗೆಮನೆ ಒಳಕ್ಕೆ ಕಾಲಿಕ್ಕಂಗಿಲ್ಲ" ಎಂದು ಘೋಷಿಸಿದೆ.

ಕಾಳಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ನೀರು ಬೇಕಾದ್ರೆ ಕೊಡ ಎಲ್ಲದೆ ಅಂತಾನಾರ ಗೊತ್ತಾ?"

ನಾನು ಗಾಂಭೀರ್ಯದಿಂದ ಪಂಚೆ ಎತ್ತಿ ಕಟ್ಟಿದೆ. ಗೊತ್ತಿರಲಿಲ್ಲ.

ಪಾನಕ ಎಲ್ಲರ ಮನೆಯಲ್ಲೂ ಇರುತ್ತದೆ. ನಮ್ಮಲ್ಲಿ ಕಬ್ಬಿನ ಹಾಲು ಇರಲಿ ಎಂದುಕೊಂಡೆ. ಪಕ್ಕದ ಮನೆಯ ಇಮಾಮ್ ಸಾಬರು ಗಾಡಿ ಹೊಡೆಯುವವರು. ಕ್ಯಾತನಹಳ್ಳಿಗೆ ಹೋಗಿ ಬರುವಾಗ ಒಂದು ಹೊರೆ ಕಬ್ಬು ತಂದು ಅಂಗಳಕ್ಕೆ ಹಾಕಿದರು.

"ಗಾಣ ಎಲ್ಲದೆ ಆಚಾರ್ರೇ?"

"ಗಾಣ ಯಾಕೆ ಸಾಬರೇ? ಸುತ್ತಿಗೆ ಅದೆಯಲ್ಲ!"

"ಯಾ ಅಲ್ಲಾ! ಜೋಡೆತ್ತು ಮಾಡೋ ಕೆಲ್ಸ ನೀವೊಬ್ರೇ ಮಾಡ್ತೀರಾ?"

ನಾನು ಮಾಡಿದೆ. ಚಿನ್ನ ಬಡಿಯುವ ಕಬ್ಬಿಣದ ದಿಮ್ಮಿಯ ಮೇಲೆ ಕಬ್ಬಿಟ್ಟು ಬಡಿದೆ, ಬಟ್ಟೆಗೆ ಸುತ್ತಿ ಹಿಂಡಿದೆ. ಅರ್ಧ ರಸ ನನ್ನ ಮೈಮೇಲೆ ಬಿತ್ತು. ಮಿಕ್ಕದ್ದು ಪಾತ್ರೆಗೆ ಬಿತ್ತು. ಇರುವೆಗಳು ಎರಡನ್ನೂ ಸಮಾನವಾಗಿ ಕಂಡವು. ಸಾಬರು ಜಗಲಿಯ ಮೇಲೆ ಕೂತು, ಬೇರೆ ಕೆಲಸವಿಲ್ಲದವರಂತೆ ಎಲ್ಲವನ್ನೂ ನೋಡಿದರು.

ಸ್ವಲ್ಪ ಹೊತ್ತಿಗೆ ರಸ ಕಪ್ಪಗಾಯಿತು. ಕಂದು ಅಲ್ಲ, ಕಪ್ಪು! ಕಬ್ಬಿಣ ತಾಗಿದ್ದಕ್ಕೋ, ನನ್ನ ಕೈ ತಾಗಿದ್ದಕ್ಕೋ ತಿಳಿಯದು. ನಿಂಬೆಹಣ್ಣು ಹಿಂಡಿದೆ. ಬಣ್ಣ ಹಾಗೆಯೇ ಇತ್ತು, ಹುಳಿ ಬಂತು. ಹುಳಿ ಮುರಿಯಲು ಬೆಲ್ಲ ಹಾಕಿದೆ. ಬೆಲ್ಲದ ಸಿಹಿ ಮುರಿಯಲು ಶುಂಠಿ ಜಜ್ಜಿ ಹಾಕಿದೆ. ರುಚಿ ನೋಡಿದಾಗ ಗಂಟಲಲ್ಲಿ ಏನೋ ಹತ್ತಿಕೊಂಡು ಉರಿಯಿತು. ಒಲೆ ಮಾತ್ರ ಹಚ್ಚಿರಲಿಲ್ಲ ಎಂಬುದೇ ಸಮಾಧಾನ.

ಇನ್ನು ಕೋಸಂಬರಿ. ಕಾಳಮ್ಮ ಎತ್ತಿಟ್ಟಿದ್ದ ಹೆಸರುಬೇಳೆ ನನಗೆ ಕಡಿಮೆ ಎನಿಸಿತು. ಬಂದವರಿಗೆ ಸಾಲದೆ ಹೋದರೆ? ಅಟ್ಟ ಹತ್ತಿ, ಮೂಲೆಯಲ್ಲಿದ್ದ ಗಡಿಗೆ ಇಳಿಸಿ, ಅದರಲ್ಲಿದ್ದ ಬೇಳೆಯನ್ನೂ ಸುರಿದು ನೆನೆಹಾಕಿದೆ.

"ಕಲ್ಲು ಆರಿಸಿದ್ರಾ?" ಎಂದು ಹೊರಗಿನಿಂದ ಕಾಳಮ್ಮ ಕೂಗಿದಳು.

"ಗುಲಗಂಜಿಯಷ್ಟು ಕಲಬೆರಕೆ ಇದ್ರೂ ಇಡಿಯೋ ಕಣ್ಣು ಕಣೇ ಇದು!" ಎಂದೆ. ಆರಿಸಿರಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಅವರು ಬಂದರು. ಹುಡುಗನ ತಂದೆ ಬೊಮ್ಮಾಚಾರಿ, ಅವರ ಅಕ್ಕ ಸಿದ್ದಮ್ಮ. ಮಾತೆಲ್ಲ ಸಿದ್ದಮ್ಮನದು, ತಲೆಯಾಡಿಸುವುದು ಬೊಮ್ಮಾಚಾರಿಯದು. ಗಿರಿಜೆ ಬಂದು ನಮಸ್ಕಾರ ಮಾಡಿ ಬಾಗಿಲ ಹಿಂದೆ ನಿಂತಳು. ಸಿದ್ದಮ್ಮ "ಉಂ" ಎಂದರು. ಒಳ್ಳೆಯ ಉಂಕಾರವೇ ಆಗಿತ್ತು.

ನಾನು ಕಬ್ಬಿನ ಹಾಲು ತಂದಿಟ್ಟೆ. ಬೊಮ್ಮಾಚಾರಿ ಲೋಟದೊಳಗೆ ಬಹಳ ಹೊತ್ತು ನೋಡಿದರು.

"ಇದೇನ್ ಆಚಾರ್ರೇ?"

"ಕಬ್ಬಿನಾಲು."

"ಅಂಗಾ? ಇದ್ನ ಅಚ್ಚಿಗೆ ಉಯ್ದ್ರೆ ಗಂಟೆ ಆಗ್ತದೆ ಬುಡಿ" ಎಂದು, ಧೈರ್ಯ ಮಾಡಿ ಒಂದು ಗುಟುಕು ಕುಡಿದರು. ಕಣ್ಣಲ್ಲಿ ನೀರು ಬಂತು. ಆದರೂ ಎದ್ದು ಹೋಗಲಿಲ್ಲ. ಒಳ್ಳೆಯ ಮನುಷ್ಯ!

ಅನಂತರ ಎಲೆಯಲ್ಲಿ ಕೋಸಂಬರಿ ಬಂತು. ಸೌತೆಕಾಯಿ, ಕಾಯಿತುರಿ, ಕೊತ್ತಂಬರಿ ಸೊಪ್ಪು. ನೋಡಲು ಚೆನ್ನಾಗಿಯೇ ಇತ್ತು. ಬೊಮ್ಮಾಚಾರಿ ಬಾಯಿ ತಣ್ಣಗಾಗಲೆಂದು ಅಗಿಯದೆ ಗಬಗಬನೆ ನುಂಗಿದರು. ಸಿದ್ದಮ್ಮ ಸಾವಧಾನವಾಗಿ ಒಂದು ತುತ್ತು ಬಾಯಿಗಿಟ್ಟರು.

ಕಟಕ್!

ಮನೆಯಲ್ಲಿ ಎಲ್ಲರಿಗೂ ಕೇಳಿಸಿತು.

ಸಿದ್ದಮ್ಮ ದವಡೆ ಹಿಡಿದುಕೊಂಡರು. "ಕಲ್ಲು! ಬ್ಯಾಳೇಲಿ ಕಲ್ಲಾರ್ಸಕ್ಕೆ ಬರದ ಉಡುಗೀನ ಕಟ್ಕಂಡು ನಮ್ ಉಡ್ಗ ದಿನಾ ಅಲ್ಲು ಮುರ್ಕಬೇಕಾ? ಏಳ್ಲಾ ಬೊಮ್ಮ, ಓಗಾನ."

ಬಾಗಿಲ ಹಿಂದೆ ಗಿರಿಜೆಯ ಬಳೆ ಸದ್ದು ನಿಂತುಹೋಯಿತು. ಇಣುಕಿ ನೋಡಿದೆ. ಮಗು ಸೆರಗು ಕಚ್ಚಿಕೊಂಡು ನಿಂತಿತ್ತು. ಬೇಳೆಯನ್ನು ಅದು ಮುಟ್ಟಿಯೂ ಇರಲಿಲ್ಲ!

"ತಾಯೀ, ಅವಳದೇನೂ ತಪ್ಪಿಲ್ಲ. ನೆನೆಹಾಕ್ದೋನು ನಾನು, ಕಲಸ್ದೋನು ನಾನು" ಎಂದು ಕೈ ಮುಗಿದೆ.

"ಗಂಡಸು ಕೋಸಂಬ್ರಿ ಕಲಸೋ ಮನೆಯಾ!" ಎಂದು ಅವರಿಗೆ ಇನ್ನೂ ಗಾಬರಿಯಾಯಿತು. ಕಲ್ಲನ್ನು ಬಾಯಿಂದ ತೆಗೆದು, ಸಾಕ್ಷಿಗೆಂದು ಅಂಗೈಯಲ್ಲಿ ಹಿಡಿದು ತೋರಿಸಿದರು. ಅದು ಹೊಳೆಯಿತು.

ನನಗೆ ಎಲ್ಲವೂ ಒಟ್ಟಿಗೆ ನೆನಪಾಯಿತು. ಆ ಕಾಲದಲ್ಲಿ ದಂಡು ಬರುತ್ತದಂತೆ, ಊರು ಕೊಳ್ಳೆ ಹೋಗುತ್ತದಂತೆ ಎಂಬ ಸುದ್ದಿ ಗಾಳಿಯ ಹಾಗೆ ಬೀಸುತ್ತಲೇ ಇತ್ತು. ಜನ ಒಡವೆಗಳನ್ನು ನೆಲದಲ್ಲಿ ಹೂಳುತ್ತಿದ್ದರು. ನೆಲ ಅಗೆದರೆ ಸಿಕ್ಕಿಬಿಡುತ್ತದಲ್ಲ ಎಂದು ನಾನು ಹೆಚ್ಚು ಬುದ್ಧಿ ಉಪಯೋಗಿಸಿದ್ದೆ. ಗಿರಿಜೆಯ ಮದುವೆಯ ಸರಕ್ಕೆಂದು ಮಾಡಿಟ್ಟ ಪುಟ್ಟ ಚಿನ್ನದ ಗುಂಡುಗಳನ್ನು ಅದೇ ಗಾತ್ರದ, ಅದೇ ಬಣ್ಣದ ಹೆಸರುಬೇಳೆಯಲ್ಲಿ ಬೆರೆಸಿ ಅಟ್ಟದ ಮೇಲಿಟ್ಟಿದ್ದೆ. ಯಾವ ಕಳ್ಳನಿಗೂ ಗೊತ್ತಾಗಬಾರದು ಎಂದು. ನನಗೂ ಗೊತ್ತಾಗಲಿಲ್ಲ.

"ನುಂಗ್ಬ್ಯಾಡಿ! ಯಾರೂ ನುಂಗ್ಬ್ಯಾಡಿ!" ಎಂದು ಕಿರುಚಿದೆ.

ಬೊಮ್ಮಾಚಾರಿಯ ಬಾಯಿ ತುಂಬಿತ್ತು. ಅವರ ಮುಖ ಸುಣ್ಣದಂತಾಯಿತು. ಇದ್ದುದನ್ನೆಲ್ಲ ಎಲೆಗೆ ಉಗಿದು, "ಲೋ, ಇಸ ಇಕ್ಬುಟ್ಯಾ?" ಎಂದು ಎದೆ ಹಿಡಿದುಕೊಂಡರು. ಬಹುವಚನ ಅಲ್ಲಿಗೆ ಮುಗಿಯಿತು.

"ಇಸ ಅಲ್ಲ, ಚಿನ್ನ!"

ತಾಂಬೂಲಕ್ಕೆಂದು ತೊಳೆದಿಟ್ಟಿದ್ದ ಹರಿವಾಣ ತಂದೆ. ಎಲೆಯಲ್ಲಿದ್ದದ್ದು, ಉಗಿದದ್ದು, ಸಿದ್ದಮ್ಮನ ಅಂಗೈಯಲ್ಲಿದ್ದದ್ದು, ಪಾತ್ರೆಯಲ್ಲಿ ಉಳಿದದ್ದು, ಎಲ್ಲವನ್ನೂ ಅದಕ್ಕೆ ಹಾಕಿ, ಹೆಣ್ಣು ನೋಡಲು ಬಂದವರ ಎದುರಿಗೇ ಕುಕ್ಕರುಗಾಲಲ್ಲಿ ಕೂತು ಆರಿಸತೊಡಗಿದೆ. ಗಿರಿಜೆ ನಾಚಿಕೆ ಬಿಟ್ಟು ಬಂದು ಪಕ್ಕದಲ್ಲಿ ಕೂತಳು. ಅವಳ ಬೆರಳು ಎಷ್ಟು ಚುರುಕು! ನಾನೊಂದು ಗುಂಡು ಹುಡುಕುವಷ್ಟರಲ್ಲಿ ಅವಳು ಹಿಡಿ ತುಂಬ ತೆಗೆದಿಟ್ಟಳು. ಸಿದ್ದಮ್ಮ ದವಡೆ ಹಿಡಿದುಕೊಂಡೇ ಕಣ್ಣರಳಿಸಿ ನೋಡುತ್ತಿದ್ದರು.

ಕೊನೆಗೆ ಲೆಕ್ಕ ಹಾಕಿದರೆ ಒಂದು ಕಡಿಮೆ.

ಎಲ್ಲರ ಕಣ್ಣೂ ನಿಧಾನವಾಗಿ ಬೊಮ್ಮಾಚಾರಿಯ ಹೊಟ್ಟೆಯ ಮೇಲೆ ಹೋಗಿ ನಿಂತವು. ಅವರೂ ಬಗ್ಗಿ ಅದನ್ನೇ ನೋಡಿಕೊಂಡರು.

ಇಂಥ ಸಮಯದಲ್ಲಿ ಸುಮ್ಮನಿರುವುದು ಬುದ್ಧಿವಂತರ ಲಕ್ಷಣ. ನಾನು ಬಾಯಿ ಬಿಟ್ಟೆ. "ಬೊಮ್ಮಾಚಾರ್ರೇ, ತಪ್ಪು ತಿಳೀಬ್ಯಾಡಿ. ನಾಳೆ ಬೆಳಗಾನವರ್ಗೂ ಇಲ್ಲೇ ಇದ್ಬುಟ್ರೆ..."

ಕಾಳಮ್ಮ ಹಣೆ ಚಚ್ಚಿಕೊಂಡಳು. "ಸಿದ್ದಮ್ಮಾರೇ, ಮನೇಗೊಂದು ಇಂಥದ್ದು ಇರ್ತದೆ, ಏನ್ ಮಾಡಾನ? ಮಗಳು ಇವ್ರಂಗಲ್ಲ, ನನ್ನಂಗೆ" ಎಂದಳು.

ಸಿದ್ದಮ್ಮ ಗಿರಿಜೆಯ ಬೆರಳುಗಳನ್ನು ನೋಡಿದರು, ನನ್ನನ್ನು ನೋಡಿದರು. "ಉಡುಗಿ ಕಣ್ಣು ಚುರ್ಕಾಗದೆ ಕಣ್ಲಾ ಬೊಮ್ಮ. ಕಲ್ಲಲ್ಲ, ಚಿನ್ನಾನೇ ಆರಿಸ್ಬುಟ್ಳು."

ಬೊಮ್ಮಾಚಾರಿಗೆ ನಗು ಬಂತು. ಹೊಟ್ಟೆ ಕುಲುಕಿದ್ದು ನೋಡಿ ನನಗೆ ಗುಂಡಿನದೇ ಯೋಚನೆ. "ಆಚಾರ್ರೇ, ಸರ ಎಂಗಿದ್ರೂ ಉಡುಗಿ ಜೊತೆ ನಮ್ ಮನೆಗೇ ಬರೋದಲ್ವಾ? ಒಂದು ಗುಂಡು ಮುಂಚೆ ಒಂಟ್ಬುಡ್ತು ಅನ್ಕಳಿ. ಒಲೆ ಅಚ್ಚಿ ತಾಯಿ, ಒಟ್ಟೆ ಅಸೀತಾ ಅದೆ!" ಎಂದರು ಅವರು.

ಕಾಳಮ್ಮ ಒಲೆ ಹಚ್ಚಿದ ವೇಗವನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಅವರು ಮುದ್ದೆ, ಸೊಪ್ಪಿನ ಸಾರು ಉಂಡರು. ಮಾತು ಕೂಡಿತು. ಗಿರಿಜೆ ಒಳಗೆ ಹೋಗಿ ಗುನುಗತೊಡಗಿದಳು.

ಅವರು ಸಂಜೆಗೇ ಗಾಡಿ ಹತ್ತಿದರು. ಗುಂಡು ಏನಾಯಿತೆಂದು ಬೀಗರನ್ನು ಕೇಳುವ ಬಗೆ ನನಗೆ ಇಂದಿಗೂ ತಿಳಿದಿಲ್ಲ. ಮದುವೆಗೆ ಮುಂಚೆ ಭೇಟಿಯಾದಾಗಲೆಲ್ಲ "ಒಟ್ಟೆ ಎಂಗದೆ?" ಎಂದು ವಿಚಾರಿಸುತ್ತಿದ್ದೆ. "ಚೆಂದಾಗದೆ" ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚಿನ ವಿವರ ಸಿಗಲಿಲ್ಲ.

ಮದುವೆಗೆ ನನ್ನನ್ನು ಅಡುಗೆಯವರ ಹತ್ತಿರ ಬಿಡಲಿಲ್ಲ. ಕೋಸಂಬರಿಯನ್ನು ಕಾಳಮ್ಮನೇ ನಿಂತು ಕಲಸಿಸಿದಳು. ಅಷ್ಟರಲ್ಲಿ ಇಮಾಮ್ ಸಾಬರ ಗಾಡಿಯ ಜೊತೆಗೇ ಚಿನ್ನದ ಕೋಸಂಬರಿಯ ಸುದ್ದಿ ಬೆಳಗೊಳದಿಂದ ನಾಗಮಂಗಲದವರೆಗೆ ಹೋಗಿತ್ತು. ಪಂಕ್ತಿಯಲ್ಲಿ ಕೂತ ಜನ ಪಾಯಸ ಬಿಟ್ಟು ಕೋಸಂಬರಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡು, ತಪಸ್ಸಿಗೆ ಕೂತವರಂತೆ ಕಣ್ಣು ಮುಚ್ಚಿ, ಒಂದೊಂದೇ ಬೇಳೆ ಅಗಿದರು. ಊಟವಾದ ಮೇಲೆ ಮುಖ ಗಂಟು ಹಾಕಿಕೊಂಡು ಎದ್ದರು. ಕೈ ತೊಳೆಯುವಲ್ಲಿ ಯಾರೋ ಹೇಳುತ್ತಿದ್ದರು: "ಅಕ್ಕಸಾಲಿ ಮನೆ ಮದ್ವೆ ಅಂತ ಬಂದ್ರೆ, ಬರೀ ಬ್ಯಾಳೆ ಇಕ್ಬುಟ್ಟ ಕಣ್ಲಾ!"

ಬೀಗರ ಪಂಕ್ತಿಯಲ್ಲಿ ಕೂತಿದ್ದ ನಾನೂ ನಿಧಾನವಾಗಿಯೇ ಅಗಿದಿದ್ದೆ.