ಪಡಸಾಲೆಗೆ ಬಂದ ಸಮುದ್ರ

ಬನವಾಸಿಯ ಡ್ರಾಯಿಂಗ್ ಮಾಸ್ತರ ಚನ್ನಯ್ಯನವರು ಸಿರ್ಸಿಯ ರದ್ದಿ ಅಂಗಡಿಯಿಂದ ಒಂದು ಚಿತ್ರ ತಂದು ಪಡಸಾಲೆಯ ಗೋಡೆಗೆ ಹಚ್ಚಿದ್ದೇ ಆ ಭಾನುವಾರದ ಇಡೀ ರಗಳೆಗೆ ಮೂಲ. ಹಳೆಯ ಅಮೆರಿಕನ್ ಮಾಸಿಕವೊಂದರ ಬಣ್ಣದ ಹಾಳೆ ಅದು. ಆ ದೇಶದ ಚಿತ್ರಕಾರನೊಬ್ಬ ತೊಂಬತ್ತು ವರ್ಷದ ಹಿಂದೆ ಬರೆದದ್ದಂತೆ. ಸಮುದ್ರದ ದಂಡೆ. ನೀರಾಟ ಮುಗಿಸಿ ಬಂದ ಮೂವರು ಹೆಂಗಸರು. ಇಬ್ಬರು ಮರಳಿನ ಮೇಲೆ ಕೂತಿದ್ದಾರೆ. ಒಬ್ಬಳು ಬಗ್ಗಿ, ಕೂದಲನ್ನು ಮುಖದ ಮೇಲೆ ಇಳಿಬಿಟ್ಟುಕೊಂಡು, ಉಟ್ಟ ಬಟ್ಟೆಯ ಅಂಚು ಹಿಂಡುತ್ತಿದ್ದಾಳೆ. ತೊಟ್ಟಿಕ್ಕುವ ನೀರನ್ನು ಒಂದು ಕರಿ ನಾಯಿಮರಿ ಬೆರಗಾಗಿ ನೋಡುತ್ತಿದೆ.

ವರ್ಷಗಟ್ಟಲೆ ಹುಡುಗರಿಂದ ಮಾವಿನಕಾಯಿ, ತಂಬಿಗೆ ಬರೆಸಿ ಬರೆಸಿ ಬೇಸತ್ತಿದ್ದ ಮಾಸ್ತರರು ಆ ಚಿತ್ರದ ಮುಂದೆ ಕೂತವರು ಹಲ್ಲುಜ್ಜುವುದನ್ನೂ ಮರೆತರು.

ಹೆಂಡತಿ ಕಲ್ಲವ್ವ ಕಸಬರಿಗೆ ಹಿಡಿದು ಬಂದವಳು ಅಲ್ಲೇ ನಿಂತಳು. ‘ಏನ್ರೀ ಇದು? ಕಾಲು ಬಿಟ್ಕೊಂಡು ನಿಂತಾರ! ಬಾಗಲಾ ತಗದ್ರ ಎದುರಿಗೇ ಕಾಣ್ತಾರ!’

‘ಕಾಲು ನೋಡಬ್ಯಾಡ, ಬೆಳಕು ನೋಡು. ಹಸಿ ಮಳಲಿನ ಮ್ಯಾಲೆ ನೆಳ್ಳು ಹೆಂಗ ಉದ್ದಕ ಬಿದ್ದೈತಿ ನೋಡು. ಈ ಮನಷ್ಯಾ ಯಾರನ್ನೂ ದೇವಿ ಮಾಡಿಲ್ಲ, ರಾಣಿ ಮಾಡಿಲ್ಲ. ಕಂಡದ್ದನ್ನ ಕಂಡಂಗ ಬರದಾನ. ಅದಕ್ಕ ಇದು ದೊಡ್ಡ ಚಿತ್ರ.’

‘ಬೆಳಕು ನಮ್ಮ ನೀರೊಲ್ಯಾಗೂ ಐತಿ. ಹೊತ್ತು ಮುಳುಗೂದ್ರಾಗ ಓಣ್ಯಾಗ ಒಬ್ಬರರ ಇದನ್ನ ಚಲೋ ಅಂದ್ರ ಇರ್ಲಿ. ಇಲ್ಲಂದ್ರ ಒಲಿಗೆ ಹಾಕ್ತೀನಿ ನೋಡ್ರಿ.’

ಮಾಸ್ತರರು ಖುಷಿಯಿಂದ ಒಪ್ಪಿದರು. ಚಂದದ್ದನ್ನು ತೋರಿಸಿದರೆ ಸಾಕು, ಜನ ಚಂದ ಅಂದೇ ಅನ್ನುತ್ತಾರೆ ಎಂದು ನಂಬಿದ್ದ ಬಡಪಾಯಿ!

ಮೊದಲು ಸಿಕ್ಕವನು ಪಕ್ಕದ ಮನೆಯ ಭತ್ತದ ವ್ಯಾಪಾರಿ ಅಂದಾನಪ್ಪ. ‘ಬರ್ರಿ ಅಂದಾನಪ್ಪ, ಒಂದು ಚಿತ್ರ ನೋಡೀರಂತ’ ಎಂದು ಮಾಸ್ತರರು ಕರೆದರು. ಅಂದಾನಪ್ಪ ಬಂದ, ನೋಡಿದ, ಕೂತ. ಕೊಟ್ಟ ಚಹಾ ತಣ್ಣಗಾಯಿತು. ಬಾಯಲ್ಲಿದ್ದ ಎಲೆಯಡಿಕೆ ಅಗಿಯುವುದು ನಿಂತಿತು.

‘ಹೆಂಗೈತ್ರಿ?’

ಅಂದಾನಪ್ಪ ಬೆಚ್ಚಿಬಿದ್ದ. ‘ಛೀ ಮಾಸ್ತರ! ಕಾಲು ಕಾಣ್ತಾವು!’ ಎಂದು ಎದ್ದು ಹೋದ.

ಸ್ವಲ್ಪ ಹೊತ್ತಿಗೆ ತಿರುಗಿ ಬಂದ. ‘ಕೊಡಿ ಬಿಟ್ಟು ಹೋದ್ನೇನೋ’ ಎಂದ. ಅವನು ಕೊಡೆ ತಂದಿರಲೇ ಇಲ್ಲ. ಗೋಡೆಯ ಮೇಲೆಲ್ಲ ಕೊಡೆ ಹುಡುಕಿ, ಮತ್ತೊಮ್ಮೆ ಛೀ ಎಂದು, ಹೋಗಿ ಓಣಿಗೆಲ್ಲ ಸುದ್ದಿ ಮುಟ್ಟಿಸಿದ.

ಮಧ್ಯಾಹ್ನದ ಹೊತ್ತಿಗೆ ಓಣಿಯ ಗಂಡಸರೆಲ್ಲ ಪಡಸಾಲೆಯಲ್ಲಿದ್ದರು. ಬಂದವರೆಲ್ಲ ಛೀ ಅಂದರು. ಛೀ ಅಂದವರು ಯಾರೂ ಏಳಲಿಲ್ಲ. ಮಾಸ್ತರರು ಅಲೆಯ ನೊರೆ ತೋರಿಸಿದರು, ಮೋಡದ ಬೂದಿ ಬಣ್ಣ ತೋರಿಸಿದರು, ದೂರದ ನೀರು ಹೇಗೆ ಕಪ್ಪಾಗಿದೆ ಎಂದು ಗಂಟಲು ಒಣಗುವಷ್ಟು ವಿವರಿಸಿದರು.

‘ಆ ನಾಯಿ ಕಡಿತೈತೇನ್ರಿ?’ ಎಂದು ಒಬ್ಬ ಕೇಳಿದ.

ಚಲೋ ಎಂದು ಮಾತ್ರ ಒಬ್ಬನೂ ಅನ್ನಲಿಲ್ಲ. ಕಲ್ಲವ್ವ ಚಹಾ ಕುದಿಸಿ ಕುದಿಸಿ ತಾನೂ ಕುದಿಯುತ್ತಿದ್ದಳು. ಹೊತ್ತು ಇಳಿಯುತ್ತಲೇ ಬಚ್ಚಲ ಒಲೆಗೆ ಎರಡು ಕಟ್ಟಿಗೆ ಹೆಚ್ಚಿಗೆ ಹಾಕಿದಳು. ಒಲೆಯ ಸದ್ದು ಕೇಳಿ ಮಾಸ್ತರರು ಮತ್ತೆ ಅಲೆಯ ನೊರೆಯಿಂದ ಶುರು ಮಾಡಿದರು.

ಆಗ ಬಂದಳು ಮುರಿಗೆವ್ವ. ಓಣಿಗೆಲ್ಲ ಹಿರಿಯ ಮುದುಕಿ. ಅವಳ ಕೋಲಿನ ಸದ್ದಿಗೇ ಗಂಡಸರು ಎದ್ದು ನಿಂತರು.

‘ಎಲ್ಲೈತಿ ಆ ಹೊಲಸು? ಹರಿದು ಒಗೀತೀನಿ’ ಎನ್ನುತ್ತ ಬಂದವಳು ಚಿತ್ರಕ್ಕೆ ಮೂಗು ತಾಗಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳ ಕಣ್ಣು ತುಂಬಿತು.

‘ಅಯ್ಯ ಶಿವನ! ತಲಿಮ್ಯಾಲಿಂದ ಮಿಂದು, ಕೂದಲಾ ಬಿಚ್ಚಿ, ಒದ್ದಿ ಅರಿವ್ಯಾಗ ದೀಡ ನಮಸ್ಕಾರಕ್ಕ ನಿಂತಾಳಲ್ಲೋ ನನ್ನವ್ವ! ಹರಕಿ ಹೊತ್ತಾಕೀ ಕಾಲು ನೋಡ್ಕೋತ ಕುಂತೀರೇನೋ, ಮೂಳರ್ಯಾ?’

ಗಂಡಸರ ತಲೆ ತಗ್ಗಿತು. ವರದಾ ಹೊಳೆಯಲ್ಲಿ ಮುಳುಗೆದ್ದು, ಒದ್ದೆ ಸೀರೆಯಲ್ಲೇ ಅಡ್ಡಬೀಳುತ್ತ ಗುಡಿಯವರೆಗೆ ಹೋಗಿ ಹರಕೆ ತೀರಿಸದ ಹೆಂಗಸು ಆ ಓಣಿಯಲ್ಲಿರಲಿಲ್ಲ. ಬರೀ ಮೋಜಿಗೆ ಯಾರಾದರೂ ನೀರಿಗಿಳಿಯುತ್ತಾರೆ ಎಂಬುದು ಅಲ್ಲಿ ಯಾರ ಕನಸಿನಲ್ಲೂ ಬಂದದ್ದಲ್ಲ.

‘ಅಲ್ಲಬೇ ಮುರಿಗೆವ್ವ, ಅವ್ರು...’ ಎಂದು ಮಾಸ್ತರರು ಬಾಯಿ ತೆರೆದರು. ಅಡಿಗೆಮನೆಯ ಬಾಗಿಲಲ್ಲಿ ಕಲ್ಲವ್ವ ಕೊಳ್ಳಿ ಹಿಡಿದು ನಿಂತಿದ್ದಳು.

‘ಅವ್ರು ಏನು?’

‘ಭಾಳ ದೂರದವ್ರು’ ಎಂದರು ಮಾಸ್ತರರು.

‘ಚಲೋ ಚಿತ್ರ ತಂದೀಯಪ್ಪಾ, ಭಾಳ ಚಲೋ ಐತಿ’ ಎಂದಳು ಮುರಿಗೆವ್ವ.

ಗೆದ್ದಂತಾಯಿತು! ಮಾಸ್ತರರಿಗೆ ಅಳುವೇ ಬಂತು. ಚಲೋ ಐತಿ, ಚಲೋ ಐತಿ ಎಂದು ಎಲ್ಲರೂ ಕೂಗಿದರು. ‘ನಾ ಮುಂಜಾನೇನ ಅಂದಿದ್ದೆ’ ಎಂದ ಅಂದಾನಪ್ಪ.

ಕಲ್ಲವ್ವ ಕೊಳ್ಳಿಯನ್ನು ಒಲೆಗೆ ಬಿಸಾಕಿ ಬಂದು ಗಲ್ಲ ಗಲ್ಲ ಬಡಿದುಕೊಂಡಳು. ‘ಇಂಥಾದ್ದನ್ನ ಪಡಸಾಲ್ಯಾಗ ಇಡೂದೇನ್ರೀ, ನಿಮಗ ಬುದ್ಧಿ ಇಲ್ಲ?’ ಎಂದು ಚಿತ್ರವನ್ನು ಕಿತ್ತು ದೇವರ ಕೋಣೆಗೆ ಒಯ್ದಳು. ಮುರಿಗೆವ್ವ ಕೈಯಾರೆ ದಪ್ಪ ಚೆಂಡುಹೂವಿನ ಮಾಲೆ ಹಾಕಿ ಅಪ್ಪಣೆ ಕೊಡಿಸಿದಳು: ‘ಒದ್ದಿ ಅರಿವ್ಯಾಗ ನಿಂತ ತಾಯಿನ್ನ ಒಣ ಅರಿವ್ಯಾಗ ನೋಡಬಾರದು. ತಣ್ಣೀರಾಗ ಮಿಂದು ಒದ್ದಿ ಮೈಲೆ ಬರಬೇಕು.’

ಎಲ್ಲರೂ ಹೋದರು. ಬೋಳು ಗೋಡೆ ನೋಡುತ್ತ ಮಾಸ್ತರರಿಗೆ ತಡೆಯಲಾಗಲಿಲ್ಲ. ದಿನವಿಡೀ ಜನರಿಗೆ ತೋರಿಸುವುದರಲ್ಲೇ ಹೋಗಿತ್ತು, ಮುಂಜಾನೆ ಕೂತು ನೋಡಿದ್ದು ಬಿಟ್ಟರೆ ತಾವು ಮತ್ತೆ ಕಣ್ತುಂಬ ನೋಡಿರಲಿಲ್ಲ. ಮೆಲ್ಲಗೆ ದೇವರ ಕೋಣೆಯ ಕಡೆ ಹೆಜ್ಜೆ ಇಟ್ಟರು.

‘ಮಿಂದು ಬರ್ರಿ!’ ಎಂದಳು ಕಲ್ಲವ್ವ.

‘ಬಿಸಿನೀರು ಭಾಳ ಅದಾವಲ್ಲ...’

‘ತಣ್ಣೀರು!’

ಬಾವಿಕಟ್ಟೆಯಲ್ಲಿ ಕೊಡಗಟ್ಟಲೆ ಸುರಿದುಕೊಂಡು, ಹಲ್ಲು ಕಟಕಟಿಸುತ್ತ ಒಳಗೆ ಹೋದರು. ಚೆಂಡುಹೂವಿನ ಹಿಂದೆ ಸಮುದ್ರವಿರಲಿಲ್ಲ, ಬೆಳಕಿರಲಿಲ್ಲ, ಹೆಂಗಸರಿರಲಿಲ್ಲ. ನಾಯಿಮರಿಯ ಮುಖವೊಂದು ಕಾಣುತ್ತಿತ್ತು. ಮಾಲೆ ಸರಿಸಲು ಕೈ ಎತ್ತಿದರೆ ಬೆನ್ನ ಹಿಂದೆ ಕಲ್ಲವ್ವ ಕೆಮ್ಮಿದಳು. ನಾಯಿಮರಿಗೇ ಕೈಮುಗಿದು ಹೊರಗೆ ಬಂದರು.

ಅಂಗಳದಲ್ಲಿ ಬಗ್ಗಿ, ಒದ್ದೆ ಕೂದಲು ಮುಖದ ಮೇಲೆ ಬಿದ್ದಿರಲು, ಪಂಜೆಯ ಅಂಚು ಎತ್ತಿ ಹಿಂಡತೊಡಗಿದರು. ಸಂಜೆಯ ಬೆಳಕಿಗೆ ನೆರಳು ಅಂಗಳದುದ್ದಕ್ಕೂ ಬಿದ್ದಿತ್ತು. ಅಂದಾನಪ್ಪನ ಮನೆಯ ನಾಯಿ ಬಂದು, ತೊಟ್ಟಿಕ್ಕುವ ನೀರನ್ನು ಬೆರಗಾಗಿ ನೋಡುತ್ತ ನಿಂತಿತು.

ಅದರ ಹಿಂದೆಯೇ ಎರಡು ಮನೆಗಳ ನಡುವಿನ ಗೋಡೆಯ ಮೇಲೆ ಅಂದಾನಪ್ಪನ ತಲೆ ಕಂಡಿತು.

‘ಛೀ ಮಾಸ್ತರ! ಕಾಲು ಕಾಣ್ತಾವು!’ ಎಂದವನೇ ಒಳಗೆ ಹೋದ. ಈ ಸಲ ಕೊಡೆ ಹುಡುಕಿಕೊಂಡು ಮಾತ್ರ ತಿರುಗಿ ಬರಲಿಲ್ಲ.