ನನ್ನ ಗರಿಕೆಯ ಕುಲ ಕೇಳಿದ ಸೂಕ್ಷ್ಮದರ್ಶಕಕ್ಕೆ

ಸನ್ಮಾನ್ಯ ಸೂಕ್ಷ್ಮದರ್ಶಕ ಮಹಾಶಯರ ಸನ್ನಿಧಾನಕ್ಕೆ,
ಮೊಕ್ಕಾಂ: ಪಕ್ಕದ ಮನೆಯ ಪ್ರೇರಣಾಳ ಓದುವ ಮೇಜು, ಶ್ರೀನಗರ.

ಮಾನ್ಯರೇ,

ವಿಘ್ನೇಶ್ವರನ ಕೃಪೆಯಿಂದ ತಮ್ಮ ಏಕನೇತ್ರವು ಧೂಳು ಬೂಷ್ಟುಗಳಿಲ್ಲದೆ ಬೆಳಗುತ್ತಿರಲೆಂದು ಹಾರೈಸಿ, ಎರಡು ಕಣ್ಣುಗಳಿದ್ದೂ ಏನನ್ನೂ ಕಾಣದೆ ಎಪ್ಪತ್ತು ದಾಟಿದ ಗಂಗಾಧರಯ್ಯನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಮಂಡಿನೋವಿನ ನಿಮಿತ್ತ ಸಾಷ್ಟಾಂಗವನ್ನು ಬರವಣಿಗೆಯಲ್ಲಿಯೇ ಸ್ವೀಕರಿಸಬೇಕಾಗಿ ವಿನಂತಿ.

ನಮ್ಮ ಬೀದಿಯ ಗಣಪತಿಗೆ ಪ್ರತಿ ಸಂಕಷ್ಟಹರ ಚತುರ್ಥಿಯಂದು ಗರಿಕೆಯನ್ನು ಒಪ್ಪಿಸುವ ಸೇವೆ ಬಹುಕಾಲದಿಂದ ನನ್ನದು. ಮಾರುಕಟ್ಟೆಯ ಕಟ್ಟುಗಳನ್ನು ನಂಬದೆ, ತಾರಸಿಯ ಸಿಮೆಂಟು ತೊಟ್ಟಿಯಲ್ಲಿ ನಾನೇ ಬೆಳೆಸಿ, ಕಾವೇರಿ ನೀರುಣಿಸಿ, ಸ್ನಾನವಾಗದೆ ಮುಟ್ಟದೆ ಸಾಕಿದ ಹುಲ್ಲದು. ಅದರ ಎಲೆ ವರ್ಷದಿಂದ ವರ್ಷಕ್ಕೆ ಅಗಲವಾಗಿ ನುಣುಪಾಗುತ್ತಿದ್ದುದನ್ನು ಕಂಡು, ಇದು ನನ್ನ ಭಕ್ತಿಯ ಪುಷ್ಟಿಯೆಂದು ಹಿಗ್ಗಿದವನು ನಾನು. ನಡುನಡುವೆ ತಲೆಯೆತ್ತುತ್ತಿದ್ದ ತಂತಿಯಂತಹ ಬಡಕಲು ಹುಲ್ಲನ್ನು ಮಾತ್ರ, ದೇವರ ಪಾಲಿನ ಗೊಬ್ಬರ ಕದಿಯುವ ಕಳೆಯೆಂದು ಬೈದು, ಕಿತ್ತು, ಮೂಲೆಯ ಬುಟ್ಟಿಗೆ ಎಸೆಯುತ್ತಿದ್ದೆನು.

ಹೀಗಿರಲು, ನಿವೃತ್ತರಾದಂದಿನಿಂದ ಈ ಸೇವೆಯ ಮೇಲೆಯೇ ಕಣ್ಣಿಟ್ಟಿರುವ ಶಿವರಾಮ್ ಅವರು ದೇವಸ್ಥಾನದ ಸಮಿತಿ ಸಭೆಯಲ್ಲಿ ನನ್ನ ತಟ್ಟೆಯಿಂದ ಒಂದೆಳೆಯನ್ನು ಎತ್ತಿ ಹಿಡಿದು, "ಗಂಗಾಧರಯ್ಯನೋರೇ, ಇದು ಗರಿಕೆ ಅಲ್ಲ ಸಾರ್, ಯಾವುದೋ ಲಾನ್ ಹುಲ್ಲು. ನಂದು ನೋಡಿ, ಪಾರ್ಕಿಂದ ತಂದಿದ್ದು, ಒರಿಜಿನಲ್ಲು!" ಎಂದುಬಿಟ್ಟರು. ಕ್ರೋಧವೇ ಪರಮಶತ್ರುವೆಂದು ದಿನವೂ ಪಾರಾಯಣ ಮಾಡುವ ನಾನು ಆ ಕ್ಷಣ ಶತ್ರುವನ್ನು ಅಪ್ಪಿಕೊಂಡು, ಸಸ್ಯಶಾಸ್ತ್ರ ಓದುತ್ತಿರುವ ಪ್ರೇರಣಾಳ ಬಳಿ ತಾವು ವಿರಾಜಮಾನರಾಗಿರುವುದನ್ನು ನೆನೆದು, ತಮ್ಮ ತೀರ್ಪೇ ಅಂತಿಮವೆಂದೂ, ನಾನು ಬೆಳೆಸಿದ್ದು ಗರಿಕೆಯಲ್ಲವಾದರೆ ಅದರ ಸೇವೆಯನ್ನು ಅಂದೇ ಬಿಡುವೆನೆಂದೂ ದೇವರೆದುರಿಗೇ ಘೋಷಿಸಿದೆನು.

ಆ ಮಗು ಎಲೆಯನ್ನು ಬ್ಲೇಡಿನಿಂದ ಹೆರೆದು, ಹೊರಚರ್ಮದ ತೆಳುಪೊರೆಯನ್ನಷ್ಟೇ ಉಳಿಸಿ, ಗಾಜಿನ ಮೇಲೆ ಹನಿ ನೀರಿನಲ್ಲಿ ಮಲಗಿಸಿ ತಮ್ಮ ಪಾದಕ್ಕೆ ಅರ್ಪಿಸಿತು. "ತಾತ, ಹುಲ್ಲು ಮಣ್ಣಿಂದ ಸಿಲಿಕಾ ಹೀರ್ಕೊಂಡು ಎಲೆ ಚರ್ಮದಲ್ಲಿ ಸಣ್ಣ ಸಣ್ಣ ಕಣ ಮಾಡಿ ಇಟ್ಕೊಳತ್ತೆ. ಗರಿಕೆ ಆಗಿದ್ರೆ ಅವು ಕುದುರೆ ಜೀನಿನ ಥರ ಕಾಣ್ಬೇಕು. ನಿಮ್ಮದ್ರಲ್ಲಿ ನೋಡಿ, ಸಾಲಾಗಿ ಡಂಬೆಲ್ಲು! ಬೇಜಾರ್ ಮಾಡ್ಕೋಬೇಡಿ ತಾತ" ಎಂದಿತು. ಇಣುಕಿದೆನು. ಅಲ್ಲೊಂದು ಗರಡಿಮನೆಯೇ ನೆರೆದಿತ್ತು.

ಅಹೋ ತಮ್ಮ ದೃಷ್ಟಿಯೇ! ಮೂಷಿಕನಿಗೆ ಜೀನು ಹೊದಿಸಬೇಕಾದ ನಾನು ಇಷ್ಟು ವರ್ಷ ಲಂಬೋದರನ ಮೇಲೆ ವ್ಯಾಯಾಮದ ಸಾಮಗ್ರಿಯನ್ನು ಹೇರುತ್ತಿದ್ದೆನೆಂಬ ಸತ್ಯವನ್ನು ತಾವಲ್ಲದೆ ಇನ್ನಾರು ತಿಳಿಸಬಲ್ಲವರಾಗಿದ್ದರು? ಆತನ ಉದರವು ಎಳ್ಳಷ್ಟೂ ಕರಗದಿರುವುದನ್ನು ನೋಡಿದರೆ ಒಂದನ್ನಾದರೂ ಆತ ಎತ್ತಿದಂತಿಲ್ಲ. ಆದರೂ ದಾಕ್ಷಿಣ್ಯಕ್ಕೆ ಬಿದ್ದು, ಬೇಡವೆಂದು ಒಮ್ಮೆಯೂ ಹೇಳಲಿಲ್ಲ. ಆ ದಾಕ್ಷಿಣ್ಯವು ತಮ್ಮಲ್ಲಿಯೂ ಇದ್ದೀತೆಂದು ಭ್ರಮಿಸಿದ್ದೇ ನನ್ನ ಅಪರಾಧ. ಇನ್ನಾದರೂ ಸಂಕಷ್ಟಿಯಂದು ತಾವೂ ನನ್ನಂತೆಯೇ ಚಂದ್ರೋದಯದವರೆಗೆ ಉಪವಾಸವಿದ್ದು ಕಣ್ಣು ಮುಚ್ಚಿಕೊಂಡಿರಬೇಕೆಂದೂ, ಅದು ಸಾಧ್ಯವಿಲ್ಲದಿದ್ದರೆ ಡಂಬೆಲ್ಲಿನ ನಡುವನ್ನು ತುಸು ಉಬ್ಬಿಸಿ ಜೀನೆಂದೇ ತೋರಿಸಬೇಕೆಂದೂ, ಅದೂ ಆಗದಿದ್ದರೆ ಎಲೆಯ ಚರ್ಮದಲ್ಲಿ ಬೆಳೆಸಿದವನ ಭಕ್ತಿಯು ಯಾವ ಆಕಾರದಲ್ಲಿ ಕುಳಿತಿರುತ್ತದೆಂಬುದನ್ನಾದರೂ ಹುಡುಕಿಕೊಡಬೇಕೆಂದೂ ಪ್ರಾರ್ಥಿಸುತ್ತೇನೆ.

ನಾನು ಊಟ ಬಿಟ್ಟು ಕುಳಿತುದನ್ನು ಕಂಡ ನನ್ನ ಧರ್ಮಪತ್ನಿ ನಾಗಲಕ್ಷ್ಮಮ್ಮನವರು, "ಮುದ್ದು ಮಾಡಿದ್ದು ಮೋಸ ಮಾಡ್ತು. ಇನ್ನು ಬೈದು ಬಿಸಾಕಿದ್ದನ್ನೂ ತೋರಿಸ್ಬಿಡಿ, ಅದ್ಯಾಕೆ ಬಾಕಿ?" ಎಂದು ಚುಚ್ಚಿದರು. ಹಟಕ್ಕೆ ಬುಟ್ಟಿಯನ್ನೇ ಹೊತ್ತೊಯ್ದೆನು. ತಮ್ಮ ಕೆಳಗೆ ಆ ಬಡಕಲು ಕಳೆಯಲ್ಲಿ ಸಾಲುಸಾಲು ಜೀನುಗಳು! ಪ್ರೇರಣಾ ಕಾಲೇಜಿನ ಗರಿಕೆಯ ಸ್ಲೈಡನ್ನೂ ತಂದು ಹೋಲಿಸಿ, "ತಾತ, ಇದೇ ಗರಿಕೆ!" ಎಂದು ಚಪ್ಪಾಳೆ ತಟ್ಟಿತು. ದೇವರ ಹೆಸರಿನಲ್ಲಿ ನಾನು ದೇವರ ಹುಲ್ಲನ್ನೇ ಕೀಳುತ್ತಿದ್ದೆನು. ಅದೋ, ನನ್ನ ಬೈಗುಳವನ್ನೇ ಗೊಬ್ಬರವಾಗಿ ಉಂಡು ಮತ್ತೆ ಮತ್ತೆ ಚಿಗುರುತ್ತಿತ್ತು.

ನನ್ನ ಪ್ರತಿಜ್ಞೆಗೆ ಭಂಗವಿಲ್ಲ. ಬೆಳೆಸಿದ ಹುಲ್ಲಿನ ಸೇವೆಯನ್ನು ಬಿಟ್ಟಿದ್ದೇನೆ. ಬೆಳೆಸದ ಕಳೆಯನ್ನು ಒಪ್ಪಿಸಲಾರೆನೆಂದು ನಾನೆಂದೂ ಹೇಳಿರಲಿಲ್ಲ. ಬರುವ ಸಂಕಷ್ಟಿಗೆ ಅದನ್ನೇ ಒಯ್ಯುವೆನು. ತೊಟ್ಟಿಯ ಹಳೆಯ ಹುಲ್ಲನ್ನು ಕಿತ್ತೆಸೆಯುವುದೇ ಶಾಸ್ತ್ರವೆಂದು ಎಲ್ಲರೂ ಹೇಳುತ್ತಾರೆ. ಆದರೆ ಇಷ್ಟು ಕಾಲ ತಾನು ಗರಿಕೆಯೆಂದೇ ನಂಬಿಕೊಂಡು ನನ್ನ ಕೈಯಿಂದ ನೀರು ಕುಡಿದ ಆ ಬಡಪಾಯಿಗೆ ತಮ್ಮ ತೀರ್ಪನ್ನು ತಿಳಿಸಲು ನನಗೆ ಬಾಯಿ ಬರುತ್ತಿಲ್ಲ. ಆದ್ದರಿಂದ ಇಂದು ಬೆಳಿಗ್ಗೆಯೂ ಎರಡಕ್ಕೂ ನೀರೆರೆದು ಬಂದೆನು.

ಬರಿಗಣ್ಣನ್ನು ಇನ್ನೆಂದೂ ನಂಬದ
ತಮ್ಮ ವಿಶ್ವಾಸಿ,
ಗಂಗಾಧರಯ್ಯ

ತಾ.ಕ.: ನ್ಯಾಯವು ಎಲ್ಲರಿಗೂ ಒಂದೇ ಆಗಿರಬೇಕೆಂದು ಶಿವರಾಮ್ ಅವರ ಪಾರ್ಕಿನ 'ಒರಿಜಿನಲ್ಲ'ನ್ನೂ, ಈ ಪತ್ರ ಮುಗಿಸಿದ ಮೇಲೆ, ಇಂದು ಸಂಜೆ ತಮ್ಮ ಪಾದದಡಿ ಇರಿಸಲಾಯಿತು. ಡಂಬೆಲ್ಲುಗಳೇ, ನನ್ನವಕ್ಕಿಂತ ದಪ್ಪ. "ಈ ಮಿಷನ್ನೇ ಸರಿ ಇಲ್ಲ ಕಣಮ್ಮ" ಎಂದು ಅವರು ಹೊರಟುಹೋದರು. ಮೇಲ್ಕಂಡ ನನ್ನ ದೂರುಗಳನ್ನೆಲ್ಲ ಆ ಕ್ಷಣದಿಂದಲೇ ಹಿಂಪಡೆದಿದ್ದೇನೆ.